ವಿಹಾರನೌಕೆಯಲ್ಲಿ ಗರ್ಭಿಣಿಯ ಊಟ

ಸಮುದ್ರಯಾನವೆಂಬುದು ಒಂದಾನೊಂದು ಕಾಲದಲ್ಲಿ ಅರೆ ಉಪವಾಸಕ್ಕೆ ಇನ್ನೊಂದು ಹೆಸರಾಗಿತ್ತು. ಕಲ್ಲಿನಂತಹ ಒಣ ಬಿಸ್ಕತ್ತು, ಉಪ್ಪಿನಲ್ಲಿ ಹುದುಗಿಸಿದ ಮಾಂಸ, ಪೀಪಾಯಿಗಳಲ್ಲಿ ಕೆಟ್ಟ ನೀರು, ಇವಿಷ್ಟೇ ನಾವಿಕನ ಪಾಲಿನ ಅನ್ನಪಾನ. ಹಸುರು ತರಕಾರಿಯೂ ಹುಳಿಹಣ್ಣೂ ದೊರೆಯದೆ ಸ್ಕರ್ವಿ ರೋಗದಿಂದ ಮಡಿದ ನಾವಿಕರು ಅಸಂಖ್ಯರು. ಇಂದು ಆ ಚಿತ್ರ ತಲೆಕೆಳಗಾಗಿದೆ. ಅದೇ ಕಡಲಿನ ಮೇಲೆ ಈಗ ಪಟ್ಟಣಗಳೇ ತೇಲುತ್ತಿವೆ. ೨೦೨೪ರ ಜನವರಿಯಲ್ಲಿ ಅಮೆರಿಕದ ಮಯಾಮಿ ಬಂದರಿನಿಂದ ಕೆರಿಬಿಯನ್ ಸಮುದ್ರಕ್ಕೆ ಮೊದಲ ಯಾತ್ರೆ ಹೊರಟ 'ಐಕಾನ್ ಆಫ್ ದಿ ಸೀಸ್' ಎಂಬ ವಿಹಾರನೌಕೆಯಲ್ಲಿ ಏಳು ಸಾವಿರಕ್ಕೂ ಮಿಕ್ಕಿದ ಪ್ರಯಾಣಿಕರಿಗೂ ಎರಡು ಸಾವಿರಕ್ಕೂ ಮಿಕ್ಕಿದ ಸಿಬ್ಬಂದಿಗೂ ಸ್ಥಳವಿದೆ. ಇಂತಹ ನೌಕೆಗಳಲ್ಲಿ ಬೆಳಗಿನಿಂದ ನಡುರಾತ್ರಿಯವರೆಗೆ ಊಟದ ಮೇಜುಗಳು ತೆರೆದೇ ಇರುತ್ತವೆ. ಇಂದಿನ ಯಾತ್ರಿಕನ ಚಿಂತೆ ಆಹಾರ ಸಾಲದೆಂಬುದಲ್ಲ. ಮುಂದೆ ರಾಶಿ ಹಾಕಿರುವ ಆಹಾರ ನಿರಪಾಯಕರವೇ ಎಂಬುದು.

ಈ ಪ್ರಶ್ನೆ ಎಲ್ಲರಿಗೂ ಸಂಬಂಧಿಸಿದ್ದೇ ಆದರೂ ಗರ್ಭಿಣಿಯ ವಿಷಯದಲ್ಲಿ ಅದಕ್ಕೆ ಬೇರೊಂದು ತೂಕವುಂಟು. ಹೆರಿಗೆಗೆ ಮುನ್ನ ದಂಪತಿಗಳು ಕೆಲವು ದಿನ ವಿಹಾರಕ್ಕೆಂದು ಹೊರಡುವ ಪದ್ಧತಿ ಪಶ್ಚಿಮ ದೇಶಗಳಲ್ಲಿ ರೂಢಿಯಾಗಿದೆ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿಯೂ ಅದು ಅಪೂರ್ವವಲ್ಲ. ಮುಂಬಯಿಯಿಂದ ಗೋವೆ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೂ ಈಚಿನ ವರ್ಷಗಳಲ್ಲಿ ವಿಹಾರನೌಕೆಗಳು ಸಂಚರಿಸತೊಡಗಿವೆ. ಮಂಗಳೂರಿನ ಪಣಂಬೂರು ಬಂದರಿಗೂ ವಿದೇಶೀ ವಿಹಾರನೌಕೆಗಳು ಬಂದುಹೋಗುತ್ತವೆ. ಆದುದರಿಂದ ಈ ವಿಷಯ ನಮಗೆ ದೂರದ್ದೆಂದು ತಳ್ಳಿಹಾಕುವಂತಿಲ್ಲ.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಗರ್ಭಿಣಿಯ ಪಥ್ಯದ ವಿಚಾರದಲ್ಲಿ ಮಾತನಾಡುವ ಅಧಿಕಾರವೆಲ್ಲಿಯದು ಎಂದು ವಾಚಕರು ಕೇಳಬಹುದು. ರೋಗದ ನಿರ್ಣಯವೂ ಚಿಕಿತ್ಸೆಯೂ ವೈದ್ಯರಿಗೆ ಸೇರಿದುವು. ಅದರಲ್ಲಿ ನಾವು ಕೈಹಾಕುವುದಿಲ್ಲ. ಆದರೆ ಆಹಾರ ಕೆಡುವುದು ಮತ್ತು ಕೆಡದಿರುವುದು ಬಹುಪಾಲು ಉಷ್ಣಮಾನ ಮತ್ತು ಕಾಲ ಎಂಬ ಎರಡು ಪರಿಮಾಣಗಳನ್ನು ಅವಲಂಬಿಸಿದೆ. ಇವೆರಡನ್ನೂ ಅಳೆಯುವುದು ಪ್ರೌಢಶಾಲೆಯ ವಿದ್ಯಾರ್ಥಿಗೂ ಬರುವ ವಿದ್ಯೆ. ಈ ಲೇಖನದಲ್ಲಿ ನಾವು ಪ್ರತಿಪಾದಿಸಹೊರಟಿರುವುದು ಇಷ್ಟೆ: ಗರ್ಭಿಣಿಯ ಕೈಯಲ್ಲಿ 'ಇದನ್ನು ತಿನ್ನಬೇಡ, ಅದನ್ನು ತಿನ್ನಬೇಡ' ಎಂಬ ಉದ್ದನೆಯ ಪಟ್ಟಿಯೊಂದನ್ನು ಕೊಟ್ಟು ಹೊಣೆಯನ್ನೆಲ್ಲ ಅವಳ ಮೇಲೆ ಹೊರಿಸುವುದು ನ್ಯಾಯವಲ್ಲ. ಉಷ್ಣಮಾಪಕ ಮತ್ತು ಗಡಿಯಾರ ಇರುವುದು ಅಡಿಗೆಮನೆಯಲ್ಲಿ. ಹೊಣೆಯೂ ಮೊದಲು ಅಲ್ಲಿಯೇ ಇರಬೇಕು.

ಗರ್ಭಿಣಿಗೆ ವಿಶೇಷವಾದ ಅಪಾಯ ಏತಕ್ಕೆ ಎಂಬುದನ್ನು ಮೊದಲು ನೋಡೋಣ. ತಾಯಿಯ ದೇಹಕ್ಕೆ ಗರ್ಭಸ್ಥ ಶಿಶು ಅರ್ಧಪಾಲು ಪರಕೀಯವಾದ ವಸ್ತು. ಅದನ್ನು ಹೊರದೂಡದಿರುವ ಸಲುವಾಗಿ ತಾಯಿಯ ರೋಗನಿರೋಧಕ ವ್ಯವಸ್ಥೆ ತನ್ನ ನಡೆಯನ್ನು ಸ್ವಲ್ಪ ಮಾರ್ಪಡಿಸಿಕೊಳ್ಳುತ್ತದೆ. ಈ ಔದಾರ್ಯದ ಲಾಭವನ್ನು ಕೆಲವು ಸೂಕ್ಷ್ಮಜೀವಿಗಳೂ ಪಡೆಯುತ್ತವೆ. ಅವುಗಳಲ್ಲಿ ಮುಖ್ಯವಾದುದು ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯ. ಇದನ್ನು ೧೯೨೬ರಲ್ಲಿ ಕೇಂಬ್ರಿಜ್‌ನಲ್ಲಿ ಪ್ರಯೋಗಶಾಲೆಯ ಮೊಲಗಳಲ್ಲಿ ಕಂಡು ವರ್ಣಿಸಲಾಯಿತು. ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿನಾಶಕಗಳ ಬಳಕೆಯನ್ನು ಆರಂಭಿಸಿದ ಜೋಸೆಫ್ ಲಿಸ್ಟರ್‌ನ ಹೆಸರು ಅದಕ್ಕೆ ಬಂದಿದೆ. ಇತರರಿಗಿಂತ ಗರ್ಭಿಣಿಯರಿಗೆ ಈ ಸೋಂಕು ತಗಲುವ ಸಂಭವ ಸುಮಾರು ಹತ್ತು ಪಟ್ಟು ಹೆಚ್ಚೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ತಾಯಿಗೆ ಸ್ವಲ್ಪ ಜ್ವರ, ಮೈಕೈ ನೋವು, ಆಯಾಸ, ಇಷ್ಟೇ ಕಾಣಿಸಬಹುದು. ಆದರೆ ಬ್ಯಾಕ್ಟೀರಿಯ ಮಾಸನ್ನು ದಾಟಿ ಶಿಶುವನ್ನು ಮುಟ್ಟಿದರೆ ಗರ್ಭಪಾತವೋ, ಅಕಾಲ ಪ್ರಸವವೋ, ಮೃತಶಿಶುವಿನ ಜನನವೋ ಆಗಬಹುದು.

ಈ ರೋಗ ಆಹಾರದಿಂದ ಬರುತ್ತದೆಂಬುದು ಸ್ಪಷ್ಟವಾಗಿ ಸಿದ್ಧಪಟ್ಟದ್ದು ೧೯೮೧ರಲ್ಲಿ, ಕೆನಡಾದ ಪೂರ್ವ ಪ್ರಾಂತಗಳಲ್ಲಿ. ಅಲ್ಲಿ ೪೧ ಪ್ರಕರಣಗಳು ಕಾಣಿಸಿಕೊಂಡುವು. ಅವುಗಳಲ್ಲಿ ೩೪ ಗರ್ಭಿಣಿಯರಿಗೆ ಅಥವಾ ನವಜಾತ ಶಿಶುಗಳಿಗೆ ಸಂಬಂಧಿಸಿದುವು. ಕಾರಣವನ್ನು ಹುಡುಕುತ್ತ ಹೋದವರು ಕೊನೆಗೆ ಮುಟ್ಟಿದ್ದು ಹಸಿ ಎಲೆಕೋಸಿನ ಪಚ್ಚಡಿಯನ್ನು. ಎಲೆಕೋಸು ಬೆಳೆದ ಹೊಲಕ್ಕೆ ಕುರಿಗೊಬ್ಬರ ಹಾಕಿದ್ದರು. ಆ ಕುರಿಗಳಲ್ಲಿ ಲಿಸ್ಟೀರಿಯ ರೋಗವಿತ್ತು. ಕೊಯ್ದ ಕೋಸನ್ನು ಚಳಿಗಾಲವೆಲ್ಲ ಶೀತಲ ಉಗ್ರಾಣದಲ್ಲಿ ಇರಿಸಿದ್ದರು. ನಾಲ್ಕು ವರ್ಷಗಳ ತರುವಾಯ, ೧೯೮೫ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್ ಪ್ರಾಂತದಲ್ಲಿ ೧೪೨ ಪ್ರಕರಣಗಳು ನಡೆದುವು. ಅವುಗಳಲ್ಲಿ ೯೩ ಬಸುರಿಯರದು ಅಥವಾ ಅವರ ಕೂಸುಗಳದು. ಒಟ್ಟು ೪೮ ಸಾವುಗಳಲ್ಲಿ ೩೦ ಗರ್ಭಸ್ಥ ಮತ್ತು ನವಜಾತ ಶಿಶುಗಳದು. ಅಲ್ಲಿ ಅಪರಾಧಿ ಮೆಕ್ಸಿಕೋ ಮಾದರಿಯ ಮೆದುವಾದ ಚೀಸ್. ಪಾಶ್ಚರೀಕರಿಸಿದ ಹಾಲಿಗೆ ಹಸಿ ಹಾಲು ಬೆರೆತದ್ದೇ ಕಾರಣವೆಂದು ತನಿಖೆ ಸೂಚಿಸಿತು. ೨೦೧೧ರಲ್ಲಿ ಅಮೆರಿಕದ ೨೮ ಸಂಸ್ಥಾನಗಳಲ್ಲಿ ೧೪೭ ಮಂದಿ ಕರಬೂಜದ ಹಣ್ಣು ತಿಂದು ಇದೇ ರೋಗಕ್ಕೆ ಗುರಿಯಾದರು. ೩೩ ಮಂದಿ ಸತ್ತರು.

ಎಲೆಕೋಸು, ಚೀಸ್, ಕರಬೂಜ! ಈ ಮೂರರಲ್ಲಿ ಮಾಂಸವೂ ಇಲ್ಲ, ಮೀನೂ ಇಲ್ಲ. 'ನಾವು ಸಸ್ಯಾಹಾರಿಗಳು, ಹಡಗಿನಲ್ಲಿ ಹಣ್ಣು ತರಕಾರಿ ತಿಂದುಕೊಂಡಿದ್ದರೆ ಭಯವಿಲ್ಲ' ಎಂದು ನಮ್ಮಲ್ಲಿ ಅನೇಕರು ನಂಬಿರುತ್ತಾರೆ. ಈ ನಂಬಿಕೆಗೆ ಆಧಾರವಿಲ್ಲ. ಬ್ಯಾಕ್ಟೀರಿಯಕ್ಕೆ ಮಡಿಮೈಲಿಗೆಯ ಭೇದ ತಿಳಿಯದು. ಅದಕ್ಕೆ ಬೇಕಾದುದು ತೇವ, ಆಹಾರ, ಅನುಕೂಲವಾದ ಉಷ್ಣಮಾನ, ಸಾಕಷ್ಟು ಕಾಲ. ಹೆಚ್ಚಿಟ್ಟು ಬಹಳ ಹೊತ್ತಾದ ಹಣ್ಣಿನ ತಟ್ಟೆ, ಹಸಿ ಮೊಳಕೆಕಾಳಿನ ಕೋಸಂಬರಿ, ಹಸಿ ಹಾಲಿನ ಚೀಸ್ ಇವೂ ತಣ್ಣಗಿನ ಮಾಂಸದ ಹೋಳುಗಳಂತೆಯೇ ಶಂಕೆಗೆ ಪಾತ್ರವಾದುವು. ಬಿಸಿಯಾಗಿ ಬೇಯಿಸಿ ಆಗಲೇ ಬಡಿಸಿದ ಪದಾರ್ಥ ಯಾವುದೇ ಆಗಲಿ, ಈ ದೃಷ್ಟಿಯಿಂದ ಹೆಚ್ಚು ಕ್ಷೇಮಕರ.

ಇಲ್ಲಿ ನಮ್ಮ ತರುಣ ವಾಚಕರು ಸ್ವಲ್ಪ ಗಣಿತ ಮಾಡಬೇಕೆಂದು ಬೇಡುತ್ತೇವೆ. ಬೆಚ್ಚಗಿನ ಆಹಾರದಲ್ಲಿ ಕೆಲವು ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲುವು. ಒಂದು ಗಂಟೆಗೆ ಮೂರು ಸಲ. ನಾಲ್ಕು ಗಂಟೆಗಳಿಗೆ ಹನ್ನೆರಡು ಸಲ. ಎರಡನ್ನು ಹನ್ನೆರಡು ಸಲ ಗುಣಿಸಿದರೆ ೪೦೯೬. ನೂರರಿಂದ ಹೊರಟ ಸಂಖ್ಯೆ ಮಧ್ಯಾಹ್ನದ ಊಟದಿಂದ ಸಂಜೆಯ ತಿಂಡಿಯ ವೇಳೆಗೆ ನಾಲ್ಕು ಲಕ್ಷವನ್ನು ಮೀರಿತು. ನೋಟ, ವಾಸನೆ, ರುಚಿ ಮೂರೂ ಮೊದಲಿನಂತೆಯೇ ಇರಬಹುದು. ಅಮೆರಿಕದ ನಿಯಮಗಳ ಪ್ರಕಾರ ವಿಹಾರನೌಕೆಯಲ್ಲಿ ಬಿಸಿ ಪದಾರ್ಥವನ್ನು ೫೭ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆಯೂ ತಣ್ಣನೆಯದನ್ನು ೫ ಡಿಗ್ರಿಗಿಂತ ಮೇಲೇರದಂತೆಯೂ ಇಡಬೇಕು. ಹಾಗೆ ಇಡಲಾಗದಿದ್ದಲ್ಲಿ ಕಾಲವನ್ನು ಗುರುತುಮಾಡಿ ನಾಲ್ಕು ಗಂಟೆಗಳೊಳಗೆ ಚೆಲ್ಲಿಬಿಡಬೇಕು. ಈ ನಿಯಮ ಅಧಿಕಾರಿಗಳ ಚಪಲವಲ್ಲ, ಮೇಲಿನ ಗುಣಾಕಾರದ ಫಲ.

ಲಿಸ್ಟೀರಿಯದ ಕುಟಿಲತನ ಇನ್ನೂ ಒಂದು ಹೆಜ್ಜೆ ಮುಂದಿದೆ. ಬಹುಪಾಲು ರೋಗಕಾರಕ ಬ್ಯಾಕ್ಟೀರಿಯಗಳು ಶೀತಕ ಪೆಟ್ಟಿಗೆಯ ಚಳಿಯಲ್ಲಿ ಬೆಳೆಯುವುದನ್ನು ನಿಲ್ಲಿಸುತ್ತವೆ. ಇದಾದರೋ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿಯೂ ನಿಧಾನವಾಗಿ ಬೆಳೆಯಬಲ್ಲುದು. ನಾಲ್ಕು ಡಿಗ್ರಿಯಲ್ಲಿ ಒಂದೂವರೆ ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆಂದು ಇಟ್ಟುಕೊಳ್ಳೋಣ. ಹನ್ನೆರಡು ದಿನಗಳಲ್ಲಿ ಎಂಟು ಸಲ ಇಮ್ಮಡಿ, ಎಂದರೆ ೨೫೬ ಪಟ್ಟು. ಕೆನಡಾದ ಆ ಎಲೆಕೋಸು ಚಳಿಗಾಲವೆಲ್ಲ ಉಗ್ರಾಣದಲ್ಲಿದ್ದಾಗ ನಡೆದದ್ದು ಇದೇ. ಶೀತಕವು ಕಾಲವನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಬಂದರಿನಿಂದ ಬಂದರಿಗೆ ದಿನಗಟ್ಟಲೆ ಸಾಗುವ ನೌಕೆಯಲ್ಲಿ, ಸಾಮಾನು ತುಂಬಿಕೊಳ್ಳುವ ಅವಕಾಶ ಎಲ್ಲೋ ಒಂದೆರಡು ಕಡೆ ಮಾತ್ರ ಇರುವಾಗ, ಈ ಮಾತನ್ನು ಮರೆಯುವಂತಿಲ್ಲ. ಶಾಖದ ಮುಂದಾದರೋ ಲಿಸ್ಟೀರಿಯ ಬಲಹೀನ. ಎಪ್ಪತ್ತು ಡಿಗ್ರಿಯಲ್ಲಿ ಎರಡು ನಿಮಿಷ ಇಟ್ಟರೆ ಹತ್ತು ಲಕ್ಷದಲ್ಲಿ ಒಂದು ಉಳಿದರೆ ಹೆಚ್ಚು.

ಹಾಗಾದರೆ ಬೇಯಿಸಿದ್ದೆಲ್ಲ ಕ್ಷೇಮವೆ? ಬೇಯಿಸಿದ್ದನ್ನು ಆರಿಸುವ ಬಗೆಯನ್ನೂ ನೋಡಬೇಕು. ಗಟ್ಟಿಯಾದ ಪಾಯಸವನ್ನೋ ಬೇಯಿಸಿದ ಅನ್ನವನ್ನೋ ಆರಿಸುವಾಗ ಶಾಖವು ಒಳಗಿನಿಂದ ಹೊರಕ್ಕೆ ವಹನದಿಂದಲೇ ಬರಬೇಕು. ಇದಕ್ಕೆ ಹಿಡಿಯುವ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆಂಬುದು ಭೌತವಿಜ್ಞಾನದ ಒಂದು ಸುಂದರ ಫಲಿತಾಂಶ. ಐದು ಸೆಂಟಿಮೀಟರು ದಪ್ಪದ ಪದರವನ್ನು ಎರಡು ಕಡೆಯಿಂದಲೂ ತಂಪುಮಾಡಿದರೆ, ನಡುಭಾಗದ ಮತ್ತು ಹೊರಗಿನ ಉಷ್ಣಮಾನಗಳ ಅಂತರ ಮೂರನೆಯ ಒಂದು ಪಾಲಿನ ಹತ್ತಿರಕ್ಕೆ ಇಳಿಯಲು ಸುಮಾರು ಅರ್ಧ ಗಂಟೆಯ ಕಾಲ ಬೇಕು. ಅದೇ ಪದಾರ್ಥ ಇಪ್ಪತ್ತು ಸೆಂಟಿಮೀಟರು ದಪ್ಪವಾಗಿದ್ದರೆ? ದಪ್ಪ ನಾಲ್ಕು ಪಟ್ಟು, ಕಾಲ ಹದಿನಾರು ಪಟ್ಟು: ಎಂಟು ಗಂಟೆ! ೫೭ ಡಿಗ್ರಿಯಿಂದ ೨೧ಕ್ಕೆ ಎರಡು ಗಂಟೆಗಳಲ್ಲಿ, ೨೧ರಿಂದ ೫ಕ್ಕೆ ಮುಂದಿನ ನಾಲ್ಕು ಗಂಟೆಗಳಲ್ಲಿ ಇಳಿಸಬೇಕೆಂದು ನಿಯಮ ಹೇಳುತ್ತದೆ. ದೊಡ್ಡ ಹಂಡೆಯನ್ನು ಹಾಗೆಯೇ ಶೀತಲ ಕೋಣೆಗೆ ತಳ್ಳಿದವನು ಈ ನಿಯಮವನ್ನು ಪಾಲಿಸಲಾರ. ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿದವನು ಸುಲಭವಾಗಿ ಪಾಲಿಸುತ್ತಾನೆ. ನಮ್ಮ ಮದುವೆಮನೆಗಳ ಅಡಿಗೆಯವರಿಗೂ ಈ ಪಾಠ ಒಪ್ಪುತ್ತದೆ.

ಬಫೆಯ ಮೇಜಿನ ಭೌತವಿಜ್ಞಾನವೂ ಕುತೂಹಲಕರವಾದುದು. ತಣ್ಣನೆಯ ಪದಾರ್ಥವನ್ನು ಹಿಮದ ಹಾಸಿನ ಮೇಲೆ ಇಟ್ಟಿರುತ್ತಾರೆ. ಹಿಮ ಕರಗುತ್ತಿರುವವರೆಗೆ ಅದರ ಉಷ್ಣಮಾನ ಸೊನ್ನೆಯಲ್ಲಿಯೇ ನಿಲ್ಲುತ್ತದೆ, ಸರಿ. ಆದರೆ ಬೋಗುಣಿಯ ಅಂಚಿನಿಂದ ಮೇಲಕ್ಕೆ ಗುಡ್ಡೆಹಾಕಿದ ಭಾಗಕ್ಕೆ ಆ ತಂಪು ತಲಪುವುದಿಲ್ಲ. ಅದು ಸುತ್ತಲಿನ ಗಾಳಿಯಂತೆಯೇ ಬೆಚ್ಚಗಾಗುತ್ತದೆ. ಬಿಸಿ ಪದಾರ್ಥಗಳ ಮೇಲೆ ದೀಪದ ಶಾಖ ಬೀಳುತ್ತಿದ್ದರೂ, ಮುಚ್ಚಳ ತೆರೆದಾಗಲೆಲ್ಲ ಮೇಲ್ಮೈಯ ನೀರು ಆವಿಯಾಗಿ ಶಾಖವನ್ನು ಒಯ್ಯುತ್ತದೆ. ಉಷ್ಣಮಾಪಕವನ್ನು ಒಂದು ಮೂಲೆಯಲ್ಲಿ ಚುಚ್ಚಿ ತೆಗೆದರೆ ಸಾಲದು. ನಡುವಿನಲ್ಲಿಯೂ ಮೇಲ್ಭಾಗದಲ್ಲಿಯೂ ನೋಡಬೇಕು.

ನೀರಿನ ಮಾತಿಗೆ ಬರೋಣ. ಹಡಗುಗಳು ಬಂದರಿನಲ್ಲಿ ನೀರು ತುಂಬಿಕೊಳ್ಳುವುದಲ್ಲದೆ ಸಮುದ್ರದ ನೀರಿನಿಂದಲೇ ಸಿಹಿನೀರನ್ನು ತಯಾರಿಸಿಕೊಳ್ಳುವುದೂ ಉಂಟು. 'ಆವಿಮಾಡಿ ಇಳಿಸಿದ ನೀರು, ಅದರಲ್ಲಿ ಕ್ರಿಮಿಯೆಲ್ಲಿಯದು?' ಎಂದು ಕೇಳಬಹುದು. ಮುಳ್ಳಯ್ಯನಗಿರಿಯ ಶಿಖರದಲ್ಲಿ ನೀರು ಸುಮಾರು ೯೪ ಡಿಗ್ರಿಯಲ್ಲಿಯೇ ಕುದಿಯುವುದೆಂಬುದನ್ನು ನೆನೆಯಿರಿ. ಒತ್ತಡ ಕಡಮೆಯಾದಂತೆ ಕುದಿಬಿಂದು ಇಳಿಯುತ್ತದೆ. ಇಂಧನವನ್ನು ಉಳಿಸಲು ಹಡಗಿನ ಯಂತ್ರಗಳಲ್ಲಿ ಒತ್ತಡವನ್ನು ಇನ್ನೂ ಬಹಳ ಇಳಿಸಿರುತ್ತಾರೆ. ಅಲ್ಲಿ ಕುದಿಯುವುದೆಂದರೆ ಕ್ರಿಮಿ ಸಾಯುವಷ್ಟು ಬಿಸಿಯೆಂದು ಅರ್ಥವಲ್ಲ. ಆದುದರಿಂದಲೇ ಆ ನೀರಿಗೂ ಕ್ಲೋರಿನ್ ಮುಂತಾದುವನ್ನು ಬೆರೆಸಬೇಕೆಂದೂ, ದೂರದ ನಲ್ಲಿಯಲ್ಲಿಯೂ ಹತ್ತು ಲಕ್ಷ ಪಾಲಿಗೆ ಕನಿಷ್ಠ ೦.೨ ಪಾಲು ಉಳಿದಿರಬೇಕೆಂದೂ ವಿಧಿಸಿದೆ. ಈ ನಿಯಮ ಪಾಲಿಸುವ ಹಡಗಿನ ನೀರಿಗಿಂತ, ನಡುವೆ ಇಳಿದ ಬಂದರಿನ ಬೀದಿಯಲ್ಲಿ ಶರಬತ್ತಿಗೆ ಹಾಕಿದ ಹಿಮದ ಚೂರೇ ಹೆಚ್ಚು ಶಂಕಾಸ್ಪದ. ಘನೀಭವನ ಕ್ರಿಮಿಯನ್ನು ಮಲಗಿಸುತ್ತದೆ, ಕೊಲ್ಲುವುದೆಂಬ ಭರವಸೆಯಿಲ್ಲ.

ಕೆಲವು ವಿಷಗಳ ಮುಂದೆ ಶಾಖವೂ ನಿಷ್ಫಲ. ದೊಡ್ಡ ಬೇಟೆಗಾರ ಮೀನುಗಳಾದ ಶಾರ್ಕ್, ಕತ್ತಿಮೀನು, ಮಾರ್ಲಿನ್‌ಗಳ ದೇಹದಲ್ಲಿ ಪಾದರಸದ ಸಂಯುಕ್ತ ಸಂಗ್ರಹವಾಗುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗದು. ಜಪಾನಿನ ಮಿನಮಾಟಾದಲ್ಲಿ ೧೯೫೬ರಲ್ಲಿ ಬೆಳಕಿಗೆ ಬಂದ ದುರಂತದಲ್ಲಿ, ತಾಯಂದಿರಿಗೆ ಅಷ್ಟಾಗಿ ಲಕ್ಷಣಗಳಿಲ್ಲದಿದ್ದರೂ ಗರ್ಭದಲ್ಲಿದ್ದ ಶಿಶುಗಳ ಮೆದುಳಿಗೆ ಹಾನಿ ತಗಲಿದ್ದು ಕಂಡುಬಂತು. ಕೆರಿಬಿಯನ್ ದ್ವೀಪಗಳ ಹವಳದ ದಿಬ್ಬಗಳಲ್ಲಿ ಬೆಳೆಯುವ ಬರಾಕುಡದಂತಹ ಮೀನುಗಳಲ್ಲಿ ಸಿಗ್ವಟೆರ ಎಂಬ ಇನ್ನೊಂದು ವಿಷ ಸೇರಿರುವುದುಂಟು. ಅದಕ್ಕೂ ಬೆಂಕಿ ಬೆದರಿಕೆಯಲ್ಲ. ಹಾಗೆಂದು ಮೀನನ್ನೇ ಬಿಡಬೇಕಾಗಿಲ್ಲ. ಬೂತಾಯಿಯಂತಹ ಸಣ್ಣ ಮೀನು, ಚೆನ್ನಾಗಿ ಬೆಂದ ಸೀಗಡಿ ಇವುಗಳಲ್ಲಿ ಪಾದರಸ ಅಲ್ಪ, ಪೋಷಣೆ ಅಧಿಕ. ಹಸಿ ಸಿಂಪಿಗಳೂ ಬೇಯದ ಚಿಪ್ಪುಮೀನುಗಳೂ ಬೇಡ. ೨೦೦೮ರಲ್ಲಿ ಬ್ರಿಟನ್ನಿಗೆ ಹಿಂದಿರುಗಿದ ಒಂದು ವಿಹಾರನೌಕೆಯ ೭೮೯ ಪ್ರಯಾಣಿಕರ ರಕ್ತವನ್ನು ಪರೀಕ್ಷಿಸಿದಾಗ ೩೩ ಮಂದಿಗೆ ಹೆಪಟೈಟಿಸ್ ಈ ಎಂಬ ಕಾಮಾಲೆಯ ವೈರಸ್ ಇತ್ತೀಚೆಗೆ ತಗಲಿದ್ದುದು ತಿಳಿಯಿತು. ಹಡಗಿನಲ್ಲಿ ತಿಂದ ಚಿಪ್ಪುಮೀನಿನ ಕಡೆಗೆ ಸಾಕ್ಷ್ಯ ಬೆರಳು ತೋರಿಸಿತು.

ಈಗ ನಮ್ಮ ವಾದದ ಮರ್ಮಕ್ಕೆ ಬರುತ್ತೇವೆ. ವಿಹಾರನೌಕೆಗಳ ಮೇಲೆ ಯಾರ ಕಣ್ಣೂ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ವಿಶ್ವ ಆರೋಗ್ಯ ಸಂಸ್ಥೆ ಹಡಗುಗಳ ನೈರ್ಮಲ್ಯವನ್ನು ಕುರಿತ ಮಾರ್ಗದರ್ಶಿಯನ್ನು ೧೯೬೭ರಲ್ಲಿಯೇ ಪ್ರಕಟಿಸಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ೧೯೭೫ರಲ್ಲಿ ನೌಕಾ ನೈರ್ಮಲ್ಯ ಕಾರ್ಯಕ್ರಮವನ್ನು ಸ್ಥಾಪಿಸಿತು. ವಿದೇಶಗಳಿಂದ ಆ ದೇಶದ ಬಂದರುಗಳಿಗೆ ಬರುವ ವಿಹಾರನೌಕೆಗಳನ್ನು ಅದರ ಪರೀಕ್ಷಕರು ಮುನ್ಸೂಚನೆಯಿಲ್ಲದೆ ಪರೀಕ್ಷಿಸುತ್ತಾರೆ. ನೂರಕ್ಕೆ ೮೬ ಅಂಕ ಬಂದರೆ ತೇರ್ಗಡೆ, ೮೫ ಬಂದರೆ ನಪಾಸು. ಅಂಕಗಳನ್ನು ಯಾರು ಬೇಕಾದರೂ ನೋಡಬಹುದು. ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ ನೂರಕ್ಕೆ ಮೂರರಷ್ಟು ಮಂದಿಗೆ ವಾಂತಿಭೇದಿ ಕಾಣಿಸಿದರೆ ಅದನ್ನು ಸಾರ್ವಜನಿಕವಾಗಿ ಪ್ರಕಟಿಸುವ ಪದ್ಧತಿಯೂ ಇದೆ. ನಮ್ಮ ಪರೀಕ್ಷೆಗಳಲ್ಲಿ ತೇರ್ಗಡೆಯ ಕನಿಷ್ಠ ಅಂಕಕ್ಕೆ ಸಮಾಧಾನಪಡುವ ವಿದ್ಯಾರ್ಥಿಗಳು ಈ ೮೬ನ್ನು ಗಮನಿಸಬೇಕು!

ವಾಂತಿಭೇದಿಯ ಲೆಕ್ಕ ಅಗತ್ಯವಾದುದೇ ಸರಿ. ನೋರೋವೈರಸ್ ಎಂಬುದು ಕೆಲವೇ ಕಣಗಳಿಂದ ರೋಗವನ್ನು ತರಬಲ್ಲುದು. ಇಕ್ಕಟ್ಟಿನ ಹಡಗಿನಲ್ಲಿ ಒಬ್ಬನಿಂದ ನೂರು ಜನಕ್ಕೆ ಹಬ್ಬುತ್ತದೆ. ಮದ್ಯಸಾರದ ದ್ರವ ಸವರಿಕೊಂಡ ಕೈಗಿಂತ ಸಾಬೂನಿನಿಂದ ತೊಳೆದ ಕೈಯೇ ಅದಕ್ಕೆ ತಕ್ಕ ಪ್ರತೀಕಾರ. ಗರ್ಭಿಣಿಯ ದೇಹದಿಂದ ನೀರು ವಿಶೇಷವಾಗಿ ಹೋದರೆ ಅಪಾಯವೇ. ಆದರೂ ಆ ರೋಗ ಒಂದೆರಡು ದಿನಗಳಲ್ಲಿ ಹೊರಬೀಳುತ್ತದೆ, ಹಡಗಿನ ವೈದ್ಯನ ದಫ್ತರದಲ್ಲಿ ದಾಖಲಾಗುತ್ತದೆ. ಲಿಸ್ಟೀರಿಯದ ರೀತಿ ಹಾಗಲ್ಲ. ಗರ್ಭಿಣಿಯರಲ್ಲಿ ಅದು ತಿಂದ ಹಲವು ವಾರಗಳ ಮೇಲೆ ತಲೆಯೆತ್ತುವುದುಂಟು. ಯಾತ್ರೆ ಒಂದು ವಾರದ್ದು. ರೋಗ ಕಾಣಿಸುವುದು ಒಂದು ತಿಂಗಳ ಮೇಲೆ, ಅವಳ ಊರಿನಲ್ಲಿ, ಬೇರೊಬ್ಬ ವೈದ್ಯರ ಮುಂದೆ. ಆ ವೇಳೆಗೆ ಹಡಗು ನಾಲ್ಕು ಯಾತ್ರೆ ಮುಗಿಸಿರುತ್ತದೆ. ನೂರಕ್ಕೆ ಮೂರು ಎಂಬ ಜಾಲದಲ್ಲಿ ಆ ಒಬ್ಬಳ ನಷ್ಟ ಸಿಕ್ಕಿಬೀಳುವುದಿಲ್ಲ. ಯಾವ ರೋಗ ಬಸುರಿಗೆ ಅತಿ ಘೋರವೋ ಅದೇ ರೋಗ ಹಡಗಿನ ಲೆಕ್ಕದ ಪುಸ್ತಕಕ್ಕೆ ಕಾಣದು. ಹೀಗಿರುವಲ್ಲಿ ರೋಗಿಗಳನ್ನು ಎಣಿಸಿ ಕ್ಷೇಮವನ್ನು ಅಳೆಯುವುದು ಸಾಲದು. ಉಷ್ಣಮಾನವನ್ನೂ ಕಾಲವನ್ನೂ ಎಣಿಸಿಯೇ ಅಳೆಯಬೇಕು.

'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ನಮ್ಮ ಹಿರಿಯರ ಗಾದೆ. ಮನೆಯ ಅಡಿಗೆಗೆ ಅದು ಒಪ್ಪುವ ಮಾತು; ಉಣ್ಣುವವಳಿಗೆ ಅಡಿಗೆಯ ಹುಟ್ಟು ಬೆಳವಣಿಗೆ ಎರಡೂ ಅಲ್ಲಿ ತಿಳಿದಿರುತ್ತದೆ. ಸಾವಿರಾರು ಜನಕ್ಕೆ ಬಡಿಸುವ ನೌಕೆಯಲ್ಲಿ ಉಣ್ಣುವವಳು ಎಷ್ಟು ಬಲ್ಲವಳಾದರೇನು? ಮುಂದಿರುವ ಚೀಸ್ ಯಾವ ಹಾಲಿನದು, ಹಣ್ಣು ಹೆಚ್ಚಿ ಎಷ್ಟು ಹೊತ್ತಾಯಿತು, ಮೊಟ್ಟೆ ಹಾಕಿದ ಸಿಹಿ ಬೆಂದದ್ದೋ ಹಸಿಯದೋ ಎಂಬುದನ್ನು ಕಣ್ಣಿನಿಂದ ಕಂಡುಹಿಡಿಯುವ ಶಾಸ್ತ್ರ ಯಾವುದೂ ಇಲ್ಲ. ಹಸಿಯಾದ ಅಥವಾ ಅರೆಬೆಂದ ಪದಾರ್ಥದ ಬಗ್ಗೆ ಎಚ್ಚರಿಕೆ ಬರೆಯಬೇಕೆಂಬ ವಿಧಿಯಿದ್ದರೂ, ಸಣ್ಣಕ್ಷರದ ಎಚ್ಚರಿಕೆ ಹೊಣೆಯನ್ನು ಕಳಚಿಕೊಳ್ಳುವ ಉಪಾಯವಾದೀತೇ ಹೊರತು ಜ್ಞಾನವನ್ನು ಹಂಚುವ ಉಪಾಯವಾಗದು.

ಇನ್ನೊಂದು ಸಂಗತಿಯನ್ನು ಗಮನಿಸಿ. ಹೆಚ್ಚಿನ ದೊಡ್ಡ ನೌಕಾ ಕಂಪನಿಗಳು ಯಾತ್ರೆ ಮುಗಿಯುವುದರೊಳಗೆ ಗರ್ಭಕ್ಕೆ ೨೪ ವಾರ ತುಂಬಲಿರುವ ಹೆಂಗಸರನ್ನು ಹತ್ತಿಸಿಕೊಳ್ಳುವುದಿಲ್ಲ. ನಡುಗಡಲಿನಲ್ಲಿ ಹೆರಿಗೆಯಾದರೆ ಕೂಸನ್ನು ಉಳಿಸುವ ಸಾಧನಗಳಿಲ್ಲವಾದ್ದರಿಂದ ಈ ನಿಯಮ ಸರಿಯಾದುದೇ. ಆದರೆ ಟಿಕೆಟ್ಟಿನ ಕಿಟಕಿಯಲ್ಲಿ 'ಎಷ್ಟು ವಾರ?' ಎಂದು ಕೇಳಬಲ್ಲ ಕಂಪನಿ ಆ ಉತ್ತರವನ್ನು ಅಡಿಗೆಮನೆಗೂ ಮುಟ್ಟಿಸಬಾರದೇಕೆ? ತಿರಸ್ಕರಿಸುವುದಕ್ಕೆ ಉಪಯೋಗಿಸಿದ ಪ್ರಶ್ನೆಯನ್ನು ಉಪಚರಿಸುವುದಕ್ಕೂ ಉಪಯೋಗಿಸಲಿ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಬಫೆಯ ಪ್ರತಿ ಪಾತ್ರೆಯ ಮುಂದೆ ಅದರ ಉಷ್ಣಮಾನವೂ ಅದನ್ನು ತಂದಿಟ್ಟ ಹೊತ್ತೂ ಕಾಣುವಂತಿರಲಿ. ಚೀಸಿನ ಮುಂದೆ ಹಾಲು ಪಾಶ್ಚರೀಕರಿಸಿದ್ದೋ ಅಲ್ಲವೋ ಎಂದು ಬರೆದಿರಲಿ. ಕೇಳಿದ ಕೂಡಲೆ ಬಿಸಿಯಾಗಿ ಮಾಡಿಕೊಡುವ ಒಂದು ಒಲೆ ಯಾವ ಹೊತ್ತಿನಲ್ಲಿಯೂ ಉರಿಯುತ್ತಿರಲಿ. ನೌಕೆಯ ಪರೀಕ್ಷೆಯ ಅಂಕ ಟಿಕೆಟ್ಟಿನ ಮೇಲೆಯೇ ಅಚ್ಚಾಗಲಿ. ನಮ್ಮ ಕರಾವಳಿಯಲ್ಲಿ ಸಂಚರಿಸುವ ನೌಕೆಗಳ ವಿಷಯದಲ್ಲಿಯೂ ಇದೇ ಮಾದರಿ ನಡೆಯಲಿ. ಇವಕ್ಕೆಲ್ಲ ಬೇಕಾದುದು ಕೆಲವು ಉಷ್ಣಮಾಪಕಗಳು, ಕೆಲವು ಚೀಟಿಗಳು, ಮತ್ತು ಸತ್ಯವನ್ನು ಹೇಳುವ ಮನಸ್ಸು.

'ಬಸುರಿಗೆ ಹಡಗಿನ ಚಪಲವೇಕೆ? ಮನೆಯಲ್ಲಿಯೇ ಇರಲಿ' ಎನ್ನುವವರಿದ್ದಾರೆ. ಮನೆಯೇ ಕೋಟೆಯೆಂಬುದು ಭ್ರಮೆ. ೧೯೫೫ರ ಕೊನೆಯಲ್ಲಿ ದೆಹಲಿಯಲ್ಲಿ ಕುಡಿಯುವ ನೀರಿಗೆ ಕೊಳಚೆ ಸೇರಿ ಸುಮಾರು ೨೯,೦೦೦ ಮಂದಿಗೆ ಕಾಮಾಲೆ ಹಿಡಿಯಿತು. ಬಸುರಿಯರ ಪಾಲಿಗೆ ಅದು ವಿಶೇಷವಾಗಿ ಕ್ರೂರವಾಯಿತು. ಆ ರೋಗ ಹೆಪಟೈಟಿಸ್ ಈ ಎಂಬುದು ಬಹುಕಾಲದ ತರುವಾಯ ತಿಳಿಯಿತು. ಹಡಗಿನಲ್ಲಿ ಕಂಡ ಬಗೆಗಿಂತ ನಮ್ಮ ದೇಶದಲ್ಲಿ ನೀರಿನಿಂದ ಹರಡುವ ಅದರ ಬಗೆಯೇ ಗರ್ಭಿಣಿಯರಿಗೆ ಹೆಚ್ಚು ಮಾರಕ. ಅವರು ಮನೆಯಲ್ಲಿಯೇ ಇದ್ದವರಲ್ಲವೆ? ಅಮೆರಿಕದಲ್ಲಿ ವರದಿಯಾಗುವ ನೋರೋವೈರಸ್ ಹಾವಳಿಗಳಲ್ಲಿ ವಿಹಾರನೌಕೆಗಳ ಪಾಲು ನೂರಕ್ಕೆ ಒಂದರಷ್ಟು ಮಾತ್ರ ಎಂಬುದನ್ನೂ ನೆನಪಿಡಬೇಕು. ಲಿಸ್ಟೀರಿಯ ರೋಗವೂ ವಿರಳವಾದುದೇ. ಭಯಪಟ್ಟು ಊಟ ಬಿಟ್ಟ ಬಸುರಿ ತನಗೂ ಶಿಶುವಿಗೂ ಬೇರೊಂದು ಹಾನಿ ತಂದುಕೊಳ್ಳುತ್ತಾಳೆ. ಬಯಕೆಯ ಊಟವನ್ನು ಹಬ್ಬವಾಗಿ ನಡೆಸುವ ನಮ್ಮ ನಾಡಿನಲ್ಲಿ ಅವಳ ತಟ್ಟೆಯನ್ನು ಬರಿದುಮಾಡುವುದು ಯಾರಿಗೂ ಒಪ್ಪಿಗೆಯಾಗದು.

ಇನ್ನು ಕೆಲವರು 'ಲಕ್ಷಾಂತರ ಜನ ತಿಂದು ಸುಖವಾಗಿದ್ದಾರೆ, ಈ ಗದ್ದಲವೇಕೆ?' ಎನ್ನುತ್ತಾರೆ. ಅಪಾಯವನ್ನು ತೂಗುವಾಗ ಸಂಭವವನ್ನು ಮಾತ್ರ ನೋಡಬಾರದು. ನಷ್ಟದ ಗಾತ್ರದಿಂದ ಅದನ್ನು ಗುಣಿಸಬೇಕು. ಸಂಭವ ಸಣ್ಣದೇ ಇರಲಿ. ನಷ್ಟ ಒಂದು ಜೀವವಾದಾಗ, ಪ್ರತೀಕಾರ ಒಂದು ಉಷ್ಣಮಾಪಕವಾದಾಗ, ತಕ್ಕಡಿ ಯಾವ ಕಡೆಗೆ ವಾಲುವುದೆಂದು ಹೇಳಬೇಕಾಗಿಲ್ಲ.

ಹೊರಡುವವರು ತಮ್ಮ ವೈದ್ಯರ ಸಲಹೆ ಪಡೆದೇ ಹೊರಡಲಿ. ಬಿಸಿಯಾದುದನ್ನು ಬಿಸಿಯಾಗಿಯೇ ಉಣ್ಣಲಿ. ತಾವೇ ಸುಲಿದ ಹಣ್ಣನ್ನು ತಿನ್ನಲಿ. ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯಲಿ. ಶಂಕೆ ಬಂದಲ್ಲಿ ಸಂಕೋಚವಿಲ್ಲದೆ ಕೇಳಲಿ. ಹಿಂದಿರುಗಿ ಬಂದು ಒಂದೆರಡು ತಿಂಗಳೊಳಗೆ ಜ್ವರ ಬಂದರೆ, ಅದು ಸಾಧಾರಣ ಜ್ವರವೆಂದು ಕಡೆಗಣಿಸದೆ, ತಾವು ಯಾತ್ರೆ ಮಾಡಿದ್ದನ್ನೂ ತಿಂದುದನ್ನೂ ವೈದ್ಯರಿಗೆ ತಿಳಿಸಲಿ. ಸಕಾಲದಲ್ಲಿ ಗೊತ್ತಾದರೆ ಈ ಸೋಂಕಿಗೆ ಔಷಧವುಂಟು. ಪೆನಿಸಿಲಿನ್ ವರ್ಗದ ಮದ್ದುಗಳು ಅನೇಕ ಶಿಶುಗಳನ್ನು ಉಳಿಸಿವೆ.

ವಿದ್ಯಾರ್ಥಿಗಳಾದ ನಮ್ಮ ವಾಚಕರಲ್ಲಿ ನಾಳೆ ಕೆಲವರು ವೈದ್ಯರಾಗುವರು, ಕೆಲವರು ಇಂಜಿನಿಯರುಗಳಾಗುವರು; ಮಂಗಳೂರು ಕಾರವಾರಗಳ ಕಡೆಯ ಕೆಲವರು ಇಂತಹ ನೌಕೆಗಳ ಅಡಿಗೆಮನೆಯಲ್ಲಿಯೇ ಉದ್ಯೋಗಕ್ಕೆ ಸೇರಿಯಾರು. ಶಾಖದ ವಹನ, ಗುಪ್ತೋಷ್ಣ, ಕುದಿಬಿಂದು ಇವು ಪರೀಕ್ಷೆ ಮುಗಿದ ಮರುದಿನ ಮರೆಯಬೇಕಾದ ಪಾಠಗಳಲ್ಲ. ತೆಳ್ಳಗಿನ ತಟ್ಟೆಯಲ್ಲಿ ಹರಡಿ ಆರಿಸಬೇಕೆಂಬುದನ್ನು ಬಲ್ಲ ಒಬ್ಬ ಅಡಿಗೆಯವನು, ತಾನೆಂದೂ ಮುಖ ನೋಡದ ಒಂದು ಕೂಸನ್ನು ಕಾಪಾಡಿರಬಹುದು. ಅದು ಅವನಿಗೂ ತಿಳಿಯುವುದಿಲ್ಲ, ಆ ತಾಯಿಗೂ ತಿಳಿಯುವುದಿಲ್ಲ. ಹಾಗೆ ತಿಳಿಯದೆ ಉಳಿಯುವಂತಹ ಉಪಕಾರಗಳನ್ನು ನಿತ್ಯದ ಕೆಲಸವನ್ನಾಗಿ ಮಾಡಿಸುವುದೇ ವಿಜ್ಞಾನದ ಕಲಿಕೆಯ ದೊಡ್ಡ ಪ್ರಯೋಜನವೆಂದು ನಾವು ಭಾವಿಸುತ್ತೇವೆ.